ಬಾಗಿಲ ಸದ್ದು ಕೇಳಿ ತೀರ್ಪು ಕೊಟ್ಟವರು

ಮೊನ್ನೆ ಶಿವಮೊಗ್ಗದ ಶೋರೂಮಿನಲ್ಲಿ ಹೊಸ ಕಾರಿನ ಬಾಗಿಲು ತೆಗೆದಾಗ ಆ ವಾಸನೆ ಮೂಗಿಗೆ ಬಡಿಯಿತು. ಸೀಟಿನ ಪ್ಲಾಸ್ಟಿಕ್ಕು, ರಬ್ಬರ್ ಮ್ಯಾಟು, ಅಂಟು ಎಲ್ಲ ಸೇರಿದ ಹೊಸ ಗಾಡಿಯ ವಾಸನೆ. ಬೇರೆಯವರಿಗೆ ಅದು ಸಂತೋಷದ ವಾಸನೆ ಇರಬಹುದು. ನನಗೆ ಮಾತ್ರ ಹಳೆಯ ಸಿಟ್ಟು ಎದ್ದು ಕೂತಿತು. ಸಾಗರದ ಸ್ಪೇರ್ ಪಾರ್ಟ್ಸ್ ಅಂಗಡಿಯವರು ನೆನಪಾದರು.

ಅವರ ಅಂಗಡಿ ನಮ್ಮ ಬೀದಿಯ ತುದಿಗೇ ಇತ್ತು. ಸಂಜೆಯಾದರೆ ಅಲ್ಲಿನ ಬೆಂಚಿನ ಮೇಲೆ ಗಾಡಿ ಹುಚ್ಚಿನವರು ಸೇರುತ್ತಿದ್ದರು. ಯಾವ ಕಂಪನಿ ಯಾವ ಮಾಡೆಲ್ ಬಿಟ್ಟಿದೆ, ಯಾವುದರ ಮೈಲೇಜು ಬರೀ ಸುಳ್ಳು, ಯಾವುದಕ್ಕೆ ಹುಲಿಕಲ್ ಘಾಟಿ ಏರುವ ದಮ್ಮಿಲ್ಲ... ಇದೇ ಮಾತು. ಹೊಸನಗರ, ತೀರ್ಥಹಳ್ಳಿಯಿಂದಲೂ ಜನ ಬರುತ್ತಿದ್ದರು. ಹೊಸ ಗಾಡಿ ತಂದವರು ಗಣಪತಿ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಒಡೆಸಿ, ಹಾರದ ಸಮೇತ ಅವರ ಅಂಗಡಿ ಮುಂದೆ ತಂದು ನಿಲ್ಲಿಸುವುದು ವಾಡಿಕೆಯೇ ಆಗಿಹೋಗಿತ್ತು. ಅವರು ಎದ್ದು ಬಂದು, ಕಣ್ಣು ಮುಚ್ಚಿ, ಮೂರು ಸಲ ಬಾಗಿಲು ತೆಗೆದು ಹಾಕಿ ಸದ್ದು ಕೇಳುತ್ತಿದ್ದರು. ಆಮೇಲೆ ತೀರ್ಪು.

"ತೀರ್ಥಹಳ್ಳಿಲಿ ಇದ್ಕೊಂಡು ಸನ್‌ರೂಫ್ ಗಾಡಿ ತಗೊಂಡ್ಯಾ? ಮಳೆಗಾಲದಲ್ಲಿ ಒಳಗೇ ನಾಟಿ ಮಾಡ್ತೀಯೇನೋ?" ಎಂದು ಒಬ್ಬರಿಗೆ ಹೇಳಿದ್ದು ಊರೆಲ್ಲ ಹರಡಿತ್ತು. ನಾನೂ ನಕ್ಕಿದ್ದೆ. ನಮ್ಮ ಸರದಿ ಬರುವವರೆಗೆ.

ವರ್ಷಗಟ್ಟಲೆ ಬೈಕಿನಲ್ಲೇ ಓಡಾಡಿದ ಮೇಲೆ ದೇವಿ ಕಣ್ಣು ಬಿಟ್ಟಳು, ನಾವೂ ಒಂದು ಕಾರು ಕೊಂಡೆವು. ಆರಿಸಿದ್ದು ನಾನು. ನೀಲಿ ಬಣ್ಣದ ಸಣ್ಣ ಕಾರು. ಅತ್ತೆಗೆ ಎರಡೂ ಮಂಡಿ ಹಿಡಿದುಕೊಂಡಿತ್ತು. ಶೋರೂಮಿನ ಅಷ್ಟೂ ಗಾಡಿಗಳಲ್ಲಿ ಅವರು ಯಾರ ಕೈಯೂ ಹಿಡಿಯದೆ ಕೂತು ಎದ್ದದ್ದು ಅದೊಂದರಲ್ಲೇ. ಅವರಿಗೊಂದು ಹರಕೆಯಿತ್ತು. ಮನೆಗೆ ಸ್ವಂತ ಗಾಡಿ ಬಂದರೆ ಅದರಲ್ಲೇ ಹೊಳೆಬಾಗಿಲಿಗೆ ಹೋಗಿ, ಲಾಂಚಿನಲ್ಲಿ ಹೊಳೆ ದಾಟಿ, ಸಿಗಂದೂರು ದೇವಿಗೆ ಸೀರೆ ಒಪ್ಪಿಸುವುದು.

ಪೂಜೆ ಮುಗಿಸಿ ನಮ್ಮ ಮನೆಯವರೂ ಗಾಡಿಯನ್ನು ಆ ಅಂಗಡಿ ಮುಂದೆ ನಿಲ್ಲಿಸಿದರು. ಮೂರನೇ ಸಲ ಬಾಗಿಲು ಹಾಕಿ ಅಂಗಡಿಯವರು ಕಣ್ಣು ಬಿಟ್ಟು ನಕ್ಕರು.

"ಇದು ಕಾರಲ್ಲ ಮಾರಾಯ, ಅವಲಕ್ಕಿ ಡಬ್ಬ. ಯಾರು ಆರಿಸಿದ್ದು?"

ನಮ್ಮ ಮನೆಯವರು ನನ್ನ ಕಡೆ ನೋಡಿದರು.

"ಹಾಂ, ಹಂಗೆ ಹೇಳು! ಸೀರೆ ಬಣ್ಣ ನೋಡಿ ಆರಿಸಿದಂಗಿದೆ."

ಬೆಂಚಿಗೆ ಬೆಂಚೇ ನಕ್ಕಿತು. ಅತ್ತೆಯ ಮಂಡಿಯ ವಿಷಯ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಅಷ್ಟು ಗಂಡಸರ ಮುಂದೆ ಬಾಯಿ ಬರಲಿಲ್ಲ. ಪ್ರಸಾದದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲೇ ಕೂತೆ.

ಆ ಹೆಸರು ಅಂಟಿಕೊಂಡಿತು. "ಡಬ್ಬ ಎಲ್ಲಿಗೆ ಹೊರಡ್ತು?" ಎಂದು ಕಂಡವರೆಲ್ಲ ಕೇಳುವವರೇ. ನಮ್ಮ ಮನೆಯವರಿಗೆ ಗಾಡಿ ಹೊರಗೆ ತೆಗೆಯಲು ನಾಚಿಕೆಯಾಯಿತು. ಸಿಗಂದೂರಿಗೆ ಹೋಗುವುದು ಇವತ್ತು ನಾಳೆ ಎಂದು ಮುಂದೆ ಹೋಯಿತು. ಕೊನೆಗೆ ಅದನ್ನು ಮಾರಿ, ಅಂಗಡಿಯವರು ತೋರಿಸಿದ ಎತ್ತರದ, ಭಾರೀ ಗಾಡಿಯನ್ನೇ ತಂದರು. ಅದರ ಬಾಗಿಲು ಧಡ್ ಎಂದಿತು. ಅಂಗಡಿಯವರು ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟಿ, "ಇದಪ್ಪ ಗಾಡಿ!" ಎಂದರು.

ಮನೆ ಮುಂದೆ ಅತ್ತೆ ಅದರ ಬಾಗಿಲು ಹಿಡಿದು ನಿಂತರು. ಕಾಲು ಏಳಲಿಲ್ಲ. ಸ್ಟೂಲ್ ಇಟ್ಟೆವು, ಅದು ಅಲುಗಿತು, ಹೆದರಿದರು. ನಮ್ಮ ಮನೆಯವರು ಎತ್ತಲು ಹೋದರೆ ಕೈ ತಳ್ಳಿದರು.

"ಅಕ್ಕಿ ಮೂಟೆ ತರ ಎತ್ತಿಸ್ಕೊಂಡು ದೇವಿ ಹತ್ರ ಹೋಗಲ್ಲ ನಾನು. ಮಂಡಿ ಸರಿ ಆಗ್ಲಿ, ತಡಿ."

ಬಾಡಿಗೆ ಕಾರಿಗೆ ಒಪ್ಪಲಿಲ್ಲ, ಹರಕೆ ಸ್ವಂತ ಗಾಡಿಯದು. ಮಂಡಿ ಸರಿಯಾಗಲಿಲ್ಲ. ಎರಡನೇ ದೀಪಾವಳಿಗೆ ಅತ್ತೆ ಇರಲಿಲ್ಲ...

ಅಲ್ಲಿಂದ ದಿನಾ ಸಂಜೆ ದೀಪ ಹಚ್ಚುವಾಗ ದೇವಿಯ ಹತ್ತಿರ ಒಂದೇ ಬೇಡಿಕೆ. ಆ ಅಂಗಡಿಯ ಮನುಷ್ಯನೂ ಒಂದು ದಿನ ಗಾಡಿ ಬಾಗಿಲಲ್ಲಿ ಹೀಗೇ ನಿಲ್ಲಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು. ಪಾಪವೆಂದು ಗೊತ್ತಿತ್ತು. ಆದರೂ ಅವರ ಜೀವ ಕೇಳಲಿಲ್ಲ ನಾನು, ಮಂಡಿ ಮಾತ್ರ ಕೇಳಿದೆ.

ದೇವಿ ಕೊಟ್ಟಳು. ಆನಂದಪುರದ ಒಂದು ಮದುವೆ ಮನೆಯಲ್ಲಿ ಊಟ ಮುಗಿಸಿ ಹೊರಗೆ ಬಂದರೆ, ಅಂಗಡಿಯವರು ಕೋಲು ಹಿಡಿದು ಅಳಿಯನ ಹೊಸ ಗಾಡಿಯ ಮುಂದೆ ನಿಂತಿದ್ದರು. ಎತ್ತರದ ಗಾಡಿ. ಒಂದು ಕಾಲು ಎತ್ತುವುದು, ಇಳಿಸುವುದು. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು. ತಾಂಬೂಲದ ಚೀಲ ಹಿಡಿದುಕೊಂಡು ನೇರ ಹತ್ತಿರ ಹೋದೆ.

"ಅಣ್ಣಾ, ಬಾಗಿಲ ಸದ್ದು ಗಟ್ಟಿ ಇದೆಯಲ್ಲಾ?" ನಾಲ್ಕು ಜನರಿಗೆ ಕೇಳುವ ಹಾಗೇ ಕೇಳಿದೆ.

ಅವರಿಗೆ ಗುರುತು ಸಿಕ್ಕಿತು. "ಸದ್ದು ಗಟ್ಟಿ ಇದೆ ತಂಗಿ. ಕಾಲು ಏಳ್ತಿಲ್ಲ."

"ನಮ್ಮತ್ತೆಗೂ ಏಳ್ಲಿಲ್ಲ. ಆ ನೀಲಿ ಡಬ್ಬದಲ್ಲಾದ್ರೆ ಅವ್ರೇ ಹತ್ತಿ ಕೂರ್ತಿದ್ರು. ಅದಕ್ಕೇ ಆರಿಸಿದ್ದು ನಾನು, ಸೀರೆ ಬಣ್ಣ ನೋಡಿ ಅಲ್ಲ. ನಿಮ್ಮ ಮಾತು ಕೇಳಿ ಅದನ್ನ ಮಾರಿದ್ವಿ. ಹರಕೆ ತೀರಿಸದೇ ಹೋದ್ರು ಅವ್ರು."

ಆ ಮಾತುಗಳನ್ನು ಎಷ್ಟು ವರ್ಷದಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದೆನೋ. ಹೇಳುವಾಗ ಬೆಲ್ಲ ತಿಂದಷ್ಟು ಸಿಹಿಯಾಗಿತ್ತು.

ಅವರು ಕೋಲನ್ನು ಗಾಡಿಗೆ ಒರಗಿಸಿ ಬಾಗಿಲು ಹಿಡಿದುಕೊಂಡರು. "ಅವತ್ತೇ ಹೇಳಬಾರ್ದಿತ್ತಾ ತಂಗಿ? ಮಂಡಿ ವಿಷ್ಯ ನನಗೆ ಯಾರೂ ಹೇಳ್ಲೇ ಇಲ್ಲ..."

ಇಬ್ಬರು ಬಂದು ಕಂಕುಳಿಗೆ ಕೈ ಹಾಕಿ ಅವರನ್ನು ಎತ್ತಿ ಕೂರಿಸಿದರು. ಬಾಗಿಲು ಹಾಕುವವರೆಗೂ ನಾನು ಜಾಗ ಬಿಟ್ಟು ಕದಲಲಿಲ್ಲ. ಕನಿಕರ ಬಂತೆಂದು ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ದೇವಿಗೆ ತುಪ್ಪದ ದೀಪ ಹಚ್ಚಿದೆ. ಆದರೆ ಕೈ ಮುಗಿದಾಗ ಬಾಯಿಗೆ ಬಂದದ್ದು ಅವರ ಆ ಪ್ರಶ್ನೆ.

ಕಳೆದ ಆಷಾಢದಲ್ಲಿ ಅವರೂ ಹೋದರು. ಬೆಂಚಿನವರು ಈಗ ಮೊಬೈಲಿನಲ್ಲಿ ಯಾರದೋ ಅಭಿಪ್ರಾಯ ನೋಡಿ ಜಗಳವಾಡುತ್ತಾರೆ. ಸಿಗಂದೂರಿಗೆ ಸೇತುವೆಯೇ ಆಗಿದೆ. ಬೈಯಲು ಅವರಿಲ್ಲ, ಕರೆದುಕೊಂಡು ಹೋಗಲು ಅತ್ತೆ ಇಲ್ಲ. ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ. ಅದು ದೇವಿಯ ಕೆಲಸ, ಅವಳೇ ಮಾಡಿಕೊಳ್ಳಲಿ.

ಶೋರೂಮಿನಲ್ಲಿ ಮೊನ್ನೆ ನಮ್ಮ ಮನೆಯವರು ಮತ್ತೆ ಎತ್ತರದ ಗಾಡಿಯ ಸುತ್ತಲೇ ಸುತ್ತುತ್ತಿದ್ದರು. ಸೇಲ್ಸಿನವನು ಇಂಜಿನ್ನು, ಸ್ಕ್ರೀನು ಎಂದು ಒಂದೇ ಸಮನೆ ಹೇಳುತ್ತಿದ್ದ. ನಾನು ಮುಂದೆ ಹೋಗಿ, ಅಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದೆ: "ನನಗೂ ಮಂಡಿ ಹಿಡೀತಿದೆ. ಮೊದ್ಲು ನಾನು ಹತ್ತಿ ಇಳೀತೀನಿ, ಆಮೇಲೆ ನಿಮ್ಮ ಮಾತು."

ಇಷ್ಟೇ ಮಾತನ್ನು ಅವತ್ತು ಸಾಗರದ ಆ ಬೀದಿಯಲ್ಲಿ ಆಡಿದ್ದರೆ ಅತ್ತೆ ಹೊಳೆ ದಾಟುತ್ತಿದ್ದರು.