ಕಂಬಳಿ ಹೊದಿಸುವ ಸಣ್ಣಯ್ಯ ಮಾಮ

ನಮ್ಮ ಓಮಲೂರಿನ ಸಣ್ಣಯ್ಯ ಮಾಮನಂಥ ರಾಜಕೀಯ ಪಾರ್ಟಿ ಮನುಷ್ಯ ಇಡೀ ಸೇಲಂ ಜಿಲ್ಲೆಯಲ್ಲೇ ಇಲ್ಲ ಬಿಡಿ! ಹೊಸ ಆಫೀಸರು ಬಂದರೆ ಬೇರೆಯವರು ಜರಿ ಶಾಲು ಹೊದಿಸುತ್ತಾರೆ, ಮಾಮ ಮಾತ್ರ ಸುಡುಬಿಸಿಲಲ್ಲೂ ನಮ್ಮ ಕುರಿ ಉಣ್ಣೆಯ ಕಂಬಳಿಯನ್ನೇ ಹೊದಿಸೋದು. ಆಫೀಸರು ಬೆವರು ಒರೆಸಿಕೊಳ್ಳುವುದರೊಳಗೆ, "ಅಯ್ಯಾ, ಇವ ನಮ್ ಉಡ್ಗ, ಪಾರ್ಟಿಗೆ ಟಗ್ರು ಕೊಟ್ಟವ್ನೆ, ಕೊಂಚಂ ನೋಡ್ಕಳಿ" ಅಂದುಬಿಡುತ್ತಾನೆ. ಹೀಗೇ ಅರ್ಧ ಊರು ಬಸ್ ಕಂಡಕ್ಟರಾಯಿತು. ಟಗರು ಕೊಟ್ಟವರ ಪೊಲೀಸ್ ಕೇಸು ಸ್ಟೇಷನ್ನಲ್ಲೇ ಕರಗುತ್ತದೆ, ಕೊಡದವರದು ಕೋರ್ಟು ಹತ್ತುತ್ತದೆ. ಮೊನ್ನೆ ಅವನ ಮಗಳು ಮುನಿಲಕ್ಷ್ಮಿಗೆ ಸೇಲಂನಲ್ಲಿ ಟೀಚರ್ ಕೆಲಸದ ಇಂಟರ್ವ್ಯೂ ಇತ್ತು. ಮಾಮ ಕಂಬಳಿ ಮಡಚಿಕೊಂಡು ಹೊರಟರೆ ಅವಳು ಬಾಗಿಲಿಗೆ ಅಡ್ಡ ನಿಂತಳು. "ಅಪ್ಪಾ, ಟಗ್ರು ಕೊಡಾಕಾಗ್ದೋರ್ ಮಕ್ಳೂ ಅಲ್ಲಿಗೆ ಬತ್ತವ್ರೆ. ನೀ ಒಳೀಕ್ ಬಂದ್ರೆ ನಾ ಎದ್ದು ಮನೀಗ್ ಬಂದ್ಬುಡ್ತೀನಿ." ಮಾಮ ಕಂಬಳಿಯನ್ನು ಮನೆಯಲ್ಲೇ ಇಟ್ಟು ಅವಳ ಜೊತೆ ಸೇಲಂಗೆ ಬಂದ. ಅವಳು ಒಳಗೆ ಹೋದ ಮೇಲೆ ಗೇಟಿನ ಹೊರಗೆ ಬೇರೆ ಅಪ್ಪಂದಿರ ಜೊತೆ ನಿಂತ. ಕೈ ಎಲ್ಲಿಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಪಕ್ಕದವರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ಅಣ್ಣಾ, ಈ ಇಂಟರ್ವ್ಯೂನಾಗೆ... ಏನಾರಾ ಪ್ರಶ್ನೆ ಕೇಳ್ತಾರಾ?"