ಎರಡು ಪಾಸ್‌ಪೋರ್ಟಿನ ಸೋದರಸೊಸೆ

ಲುಸಿಯಾನೆಗೆ ಅಣ್ಣ ತೀರಿಕೊಂಡ ಸುದ್ದಿ ಬಂದದ್ದು ಮಂಗಳವಾರ ಬೆಳಿಗ್ಗೆ. ಆಸ್ಪತ್ರೆಯ ಹೊದಿಕೆಗಳನ್ನು ಒಗೆಯುವ ಕಾರ್ಖಾನೆಯಲ್ಲಿ ಬಿಸಿ ಇಸ್ತ್ರಿ ಯಂತ್ರದ ಮುಂದೆ ಅವಳು ಆಗ ನಿಂತಿದ್ದಳು. ಫೋನ್ ಮಾಡಿದವಳು ಅಣ್ಣನ ಹಿರಿಯ ಮಗಳು ಮಾಫಿ. ಬೆಳಗಿನ ಜಾವ ದೋಣಿ ನೀರಿಗೆ ತಳ್ಳುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ ಎಂದಳು. ಜೊತೆಗೆ, "ಅತ್ತೆ, ಅಪ್ಪ ಹೋದ ವರ್ಷಾನೇ ಹೇಳಿಬಿಟ್ಟಿದ್ರು. ತಲೆದೆಸೆಗೆ ಲುಪೆ ಕೂರಬೇಕಂತೆ. ಬೇರೆ ಯಾರೂ ಬೇಡವಂತೆ" ಎಂದಳು.

ಲುಪೆ ಎಂದರೆ ಟೊಕಿಲುಪೆ, ಲುಸಿಯಾನೆಯ ಒಬ್ಬಳೇ ಮಗಳು. ಒಂಬತ್ತು ವರ್ಷ. ಸಿಡ್ನಿಯ ಪಶ್ಚಿಮದಲ್ಲಿ ಹುಟ್ಟಿ ಅಲ್ಲೇ ಬೆಳೆಯುತ್ತಿದ್ದ ಹುಡುಗಿ. ಲುಸಿಯಾನೆಯ ಊರಾದ ಟೊಂಗಾ ದ್ವೀಪದಲ್ಲಿ ತಂಗಿಯ ಮಕ್ಕಳೆಂದರೆ ಸೋದರಮಾವನಿಗಿಂತ ಒಂದು ಮೆಟ್ಟಿಲು ಮೇಲೆ. ಮಾವ ಸತ್ತರೆ ಹೆಣದ ತಲೆದೆಸೆಯಲ್ಲಿ ಕೂರುವ ಹಕ್ಕು ಅವರದು, ಸಾವಿಗೆ ಉಡುಗೊರೆಯಾಗಿ ಬಂದ ಚಾಪೆ, ಮರದ ತೊಗಟೆಯ ನಾರುಬಟ್ಟೆಗಳ ಮೇಲೆ ಮೊದಲ ಹಕ್ಕೂ ಅವರದು. ಹಾಗೆ ಕೂರುವವರನ್ನು ಫಾಹು ಅನ್ನುತ್ತಾರೆ.

ಕಿಟಿಯೋನೆ ಲುಸಿಯಾನೆಗೆ ಬರೀ ಅಣ್ಣನಲ್ಲ. ಅವಳಿಗೆ ಆರು ವರ್ಷವಾಗಿದ್ದಾಗ ಅಪ್ಪ ಸಮುದ್ರದ ಪಾಲಾಗಿದ್ದ, ಆಮೇಲೆ ಸಾಕಿದವನು ಅವನೇ. ಆದರೆ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಹರಟುವಂತಿಲ್ಲ, ಒಬ್ಬರೆದುರು ಒಬ್ಬರು ತಮಾಷೆ ಮಾಡುವಂತಿಲ್ಲ; ಅದು ಅಲ್ಲಿಯ ಮರ್ಯಾದೆ. ಅವಳು ದೊಡ್ಡವಳಾದ ಮೇಲೆ ಅವನು ಅಂಗಳದ ಆಚೆ ತನಗೊಂದು ಸಣ್ಣ ಮನೆ ಕಟ್ಟಿಕೊಂಡ. ಸುಟ್ಟ ದೀವಿಹಲಸಿನ ಕಾಯಿಯನ್ನು ಎಲೆಯಲ್ಲಿ ಸುತ್ತಿ ಅವಳ ಹೊಸ್ತಿಲಲ್ಲಿ ಇಟ್ಟು, ಕೆಮ್ಮಿ, ಹೊರಟುಹೋಗುತ್ತಿದ್ದ. ಆ ಕೆಮ್ಮೇ ಅವರಿಬ್ಬರ ಮಾತುಕತೆ. ಅವಳು ಸಿಡ್ನಿಗೆ ಬಂದ ಈ ಹದಿನಾಲ್ಕು ವರ್ಷದಲ್ಲಿಯೂ ಫೋನಿನಲ್ಲಿ ಮಾತಾಡುತ್ತಿದ್ದುದು ಅತ್ತಿಗೆ. ಹಿಂದಿನಿಂದ ಅವನು ಅದು ಕೇಳು, ಇದು ಹೇಳು ಎಂದು ಗೊಣಗುವುದು ಕೇಳಿಸುತ್ತಿತ್ತು.

ಲುಪೆಗೆ ನಾಲ್ಕು ವರ್ಷವಾಗಿದ್ದಾಗ ಊರಿಗೆ ಹೋಗಿದ್ದರು. ಆಗ ಕಿಟಿಯೋನೆ ಹಟ ಹಿಡಿದು ಮಗುವಿಗೆ ಟೊಂಗಾದ ಪಾಸ್‌ಪೋರ್ಟನ್ನೂ ಮಾಡಿಸಿದ. "ಇದು ನನ್ನ ಫಾಹು. ತನ್ನ ಊರಿಗೆ ಬಂದು ಪ್ರವಾಸಿಗಳ ಸಾಲಲ್ಲಿ ಯಾಕೆ ನಿಲ್ಲಬೇಕು" ಅಂತ ಹೆಂಡತಿಯ ಬಾಯಲ್ಲಿ ಹೇಳಿಸಿದ. ಕಚೇರಿಗೆ ಹೋಗುವಾಗ ಲುಸಿಯಾನೆ ಮಗುವಿನ ಕೈ ಹಿಡಿದು ಮುಂದೆ ನಡೆದಳು. ಅವನು ಹತ್ತು ಮಾರು ಹಿಂದೆ, ಕಾಗದಪತ್ರಗಳ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಅದೇ ಪಾಸ್‌ಪೋರ್ಟನ್ನು ಹೋದ ವರ್ಷ ಕ್ಯಾನ್‌ಬೆರಾದಲ್ಲಿ ಹೊಸದು ಮಾಡಿಸಿಕೊಂಡು ಬಂದಿದ್ದಳು.

ಆಸ್ಟ್ರೇಲಿಯದ್ದು ಮಾತ್ರ ಮಾರ್ಚಿನಲ್ಲೇ ಅವಧಿ ಮುಗಿದು ಕೂತಿತ್ತು. ಹೊಸದಕ್ಕೆ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು. ಲುಪೆಯ ಅಪ್ಪ ಇಸಿಕೇಲಿ ಮನೆ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ದೂರದ ರಾಬಿನ್‌ವೇಲ್ ಕಡೆ ದ್ರಾಕ್ಷಿ ತೋಟದಲ್ಲಿ ಮೇಸ್ತ್ರಿಯಾಗಿದ್ದಾನೆ ಅಂತಷ್ಟೇ ಗೊತ್ತು. ಅವನ ಮುಂದೆ ಕೈಯೊಡ್ಡುವುದಕ್ಕಿಂತ ಕಾಗದ ಡ್ರಾಯರಿನಲ್ಲೇ ಇರಲಿ ಎಂದು ಲುಸಿಯಾನೆ ಆರು ತಿಂಗಳು ಬಿಟ್ಟಿದ್ದಳು.

ಗುರುವಾರ ಬೆಳಿಗ್ಗೆ ಟೊಂಗಾದ ಪಾಸ್‌ಪೋರ್ಟನ್ನೇ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋದಳು. ಕಪ್ಪು ಉಡುಪು, ಸಾವಿಗೆಂದು ಅವರಲ್ಲಿ ಸೊಂಟಕ್ಕೆ ಸುತ್ತುವ ಚಾಪೆ. ಪಕ್ಕದಲ್ಲಿ ಲುಪೆ. ಕೌಂಟರಿನ ಹೆಂಗಸು ಪುಟ ತಿರುವಿ ನೋಡಿದಳು.

"ಮಗು ಹುಟ್ಟಿದ್ದು ಎಲ್ಲಿ?"

"ಇಲ್ಲೇ, ಬ್ಲ್ಯಾಕ್‌ಟೌನಲ್ಲಿ."

"ಅಂದ್ರೆ ಇಲ್ಲಿನ ಪ್ರಜೆ. ಇಲ್ಲಿನ ಪಾಸ್‌ಪೋರ್ಟ್ ಎಲ್ಲಿ?"

"ಅದು ಮುಗಿದುಹೋಗಿದೆ. ಇದು ನಡೆಯುತ್ತಲ್ಲ. ಇದಕ್ಕಿನ್ನೂ ನಾಲ್ಕು ವರ್ಷ ಇದೆ."

"ನೋಡಮ್ಮ, ಇದರಲ್ಲಿ ಹೋದ್ರೆ ವಾಪಸ್ ಬರೋಕೆ ವೀಸಾ ಬೇಕು. ಇಲ್ಲಿನ ಪ್ರಜೆಗೆ ವೀಸಾ ಕೊಡೋ ಹಾಗಿಲ್ಲ. ಅಲ್ಲಿ ಯಾರೂ ಇವಳನ್ನ ವಿಮಾನ ಹತ್ತಿಸಲ್ಲ."

"ಅಂದ್ರೆ ಪರದೇಶದವಳಾಗಿದ್ರೆ ಬರಬಹುದಿತ್ತು, ಇಲ್ಲಿಯವಳಾಗಿರೋದ್ರಿಂದ ಬರೋಕಾಗಲ್ಲ."

ಆ ಹೆಂಗಸು ಕೆಟ್ಟವಳೇನಲ್ಲ. "ನನಗೂ ಹಾಗೇ ಅನ್ಸುತ್ತೆ. ಆದ್ರೆ ನಿಯಮ ಇರೋದೇ ಹಾಗೆ. ನೀವೊಬ್ರೇ ಹೋಗಿಬನ್ನಿ ಬೇಕಾದ್ರೆ" ಎಂದಳು.

ಒಬ್ಬಳೇ ಹೋಗಿ ಏನು ಮಾಡುವುದು? ಅಣ್ಣ ಜೀವಮಾನದಲ್ಲಿ ತನ್ನಿಂದ ಕೇಳಿದ್ದು ಇದೊಂದೇ. ಲುಸಿಯಾನೆ ಪೆಟ್ಟಿಗೆ ಎಳೆದುಕೊಂಡು ಪಕ್ಕಕ್ಕೆ ಬಂದಳು. ಬೆಂಚಿನ ಮೇಲೆ ಕೂತಳು, ಎದ್ದಳು, ನೀರು ಕುಡಿಯಲು ಹೋಗಿ ಕುಡಿಯದೆ ಬಂದಳು. ಮಾಫಿಗೆ ಫೋನ್ ಮಾಡಿದಳು. ಮಾಫಿ, "ಮುಂದಿನ ಗುರುವಾರ ಮಣ್ಣು ಮಾಡೋದು ಅಂತ ಪಾದ್ರಿಗಳು ಹೇಳಿದಾರೆ. ಅದಕ್ಕಿಂತ ತಡ ಮಾಡೋಕಾಗಲ್ಲ ಅತ್ತೆ" ಎಂದಳು.

"ಅಮ್ಮ, ನಾವು ಮನೆಗೆ ಹೋಗ್ತಾ ಇದೀವಾ?" ಎಂದು ಲುಪೆ ಕೇಳಿದಳು.

"ಇಲ್ಲ. ನಿಮ್ಮತ್ತೆ ಮನೆಗೆ."

"ಅತ್ತೆ ಜೊತೆ ನೀನು ಮಾತೇ ಆಡಲ್ವಲ್ಲ."

"ಇವತ್ತು ಆಡ್ತೀನಿ."

ಅತ್ತೆ ಎಂದರೆ ಇಸಿಕೇಲಿಯ ಅಕ್ಕ ಸೀನಿ, ಇರುವುದು ಮಿಂಟೋದಲ್ಲಿ. ಇಸಿಕೇಲಿ ಮನೆ ಬಿಟ್ಟ ವಾರ ಚರ್ಚಿನ ಊಟದ ಹಾಲಿನಲ್ಲಿ ನೂರು ಜನರ ಎದುರು ಲುಸಿಯಾನೆ ಅವನನ್ನು ಹಂದಿ ಎಂದು ಬೈದಿದ್ದಳು. ಅಂದಿನಿಂದ ಸೀನಿ ಅವಳ ಮುಖ ನೋಡಿರಲಿಲ್ಲ. ಪೆಟ್ಟಿಗೆ, ಮಗಳು, ಸೊಂಟದ ಚಾಪೆ ಸಮೇತ ರೈಲು ಹಿಡಿದು ಲುಸಿಯಾನೆ ಅಲ್ಲಿಗೆ ಹೋದಾಗ ಸೀನಿ ಗ್ಯಾರೇಜಿನಲ್ಲಿ ನಾಲ್ಕು ಹೆಂಗಸರ ಜೊತೆ ಕೂತು ಉದ್ದನೆಯ ನಾರುಬಟ್ಟೆಗೆ ಗೋಂದು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಲುಪೆಯನ್ನು ಮಾತ್ರ ಹತ್ತಿರ ಕರೆದು ಕೆನ್ನೆಗೆ ಮುತ್ತಿಟ್ಟಳು.

"ಅತ್ತಿಗೆ, ಕಿಟಿಯೋನೆ ಹೋಗಿಬಿಟ್ಟ" ಎಂದಳು ಲುಸಿಯಾನೆ.

"ಕೇಳಿದೆ. ಒಳ್ಳೆ ಮನುಷ್ಯ. ದೇವರು ನೆಮ್ಮದಿ ಕೊಡಲಿ."

"ಲುಪೆಗೆ ಪಾಸ್‌ಪೋರ್ಟ್ ಬೇಕು. ಇಸಿಕೇಲಿ ಸಹಿ ಬೇಕು. ನಾಳೆ ಸಂಜೆ ಒಳಗೆ."

ಸೀನಿ ಬೆರಳಿಗೆ ಅಂಟಿದ ಗೋಂದನ್ನು ನಿಧಾನವಾಗಿ ಉಜ್ಜಿಕೊಂಡಳು. "ಹಂದಿ ಸಹಿ ಹಾಕುತ್ತಾ?" ಎಂದಳು. ಉಳಿದ ಹೆಂಗಸರು ತಲೆ ತಗ್ಗಿಸಿ ನಕ್ಕರು.

ಲುಸಿಯಾನೆ ಸಿಮೆಂಟಿನ ನೆಲದ ಮೇಲೆ ಕಾಲು ಮಡಚಿ ಕೂತಳು. "ಅಂದಿದ್ದು ತಪ್ಪು. ಅವನಿಗಲ್ಲ, ನಿಮಗೆ ಹೇಳ್ತಾ ಇದೀನಿ. ನಿಮ್ಮ ಮುಂದೆ ನಿಮ್ಮ ತಮ್ಮನ್ನ ಹಾಗೆ ಅನ್ನಬಾರದಿತ್ತು."

"ಮನೆ ಬಿಟ್ಟಿದ್ದಕ್ಕೆ ಬೈದಿದ್ರೆ ನಾನೂ ಜೊತೆಗೆ ಎರಡು ಸೇರಿಸ್ತಿದ್ದೆ. ನೀನು ನಮ್ಮಮ್ಮನ ಹೊಟ್ಟೆಗೇ ಬೈದೆ."

"ಹೌದು."

ಸೀನಿ ಎದ್ದು ಫೋನು ತೆಗೆದುಕೊಂಡಳು. ಅಕ್ಕ ಕೇಳಿದ್ದಕ್ಕೆ ತಮ್ಮ ಆಗುವುದಿಲ್ಲ ಎನ್ನುವ ಪದ್ಧತಿ ಅವರಲ್ಲಿಲ್ಲ. ಅವಳೂ ಅದಕ್ಕೇ ಸುಮ್ಮಸುಮ್ಮನೆ ಕೇಳುತ್ತಿರಲಿಲ್ಲ. "ಇಸಿಕೇಲಿ, ನಾನು. ಈಗಲೇ ಹೊರಡು. ನಾಳೆ ಬೆಳಿಗ್ಗೆ ನನ್ನ ಮನೇಲಿರಬೇಕು. ಯಾಕೆ ಅಂತ ಬಂದಮೇಲೆ ಹೇಳ್ತೀನಿ" ಎಂದು ಇಟ್ಟುಬಿಟ್ಟಳು.

ಶುಕ್ರವಾರ ಹತ್ತು ಗಂಟೆಗೆ ಇಸಿಕೇಲಿ ಬಂದ. ಬೂಟಿಗೆ ತೋಟದ ಕೆಂಪು ಮಣ್ಣು ಹಾಗೇ ಇತ್ತು. ನಿದ್ದೆಗೆಟ್ಟ ಕಣ್ಣು. ಮಗಳನ್ನು ನೋಡಿ, "ಎತ್ತರ ಆಗಿದೀಯ" ಎಂದ. ಅವಳು "ಹೂಂ" ಎಂದಳು. ಸೀನಿಯೇ ವ್ಯಾನು ಓಡಿಸಿದಳು. ದಾರಿಯುದ್ದಕ್ಕೂ ಲುಸಿಯಾನೆ ಹಿಂದಿನ ಸೀಟಿನಲ್ಲಿ ಕಾಗದಗಳನ್ನು ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಳು. ಜನನ ಪತ್ರ ಇದೆ. ಫೋಟೊ ಇದೆ. ಫೋಟೊದ ಹಿಂದೆ ಪರಿಚಯದವರ ಸಹಿ ಇದೆ.

ಪಾಸ್‌ಪೋರ್ಟ್ ಕಚೇರಿಯ ಮೇಜಿನ ಮುಂದೆ ನಿಂತು ಇಸಿಕೇಲಿ ಪೆನ್ನು ಹಿಡಿದ, ಬರೆಯಲಿಲ್ಲ.

"ಒಂದು ಮಾತು. ಇವಳ ಹತ್ರ ಟೊಂಗಾದ್ದೂ ಇದೆಯಲ್ಲ. ಅಲ್ಲೇ ಬಿಟ್ಟು ಬಂದ್ರೆ ನಾನು ಏನು ಮಾಡ್ಲಿ?"

"ಎರಡು ವರ್ಷದಿಂದ ಇವಳು ಇಲ್ಲೇ ಇದ್ದಳಲ್ಲ, ಏನು ಮಾಡಿದೆ?" ಎಂದಳು ಲುಸಿಯಾನೆ. ಬಾಯಿ ಜಾರಿತು. ಸೀನಿ ಅವಳ ಕಡೆ ಕಣ್ಣು ಬಿಟ್ಟಳು.

ಇಸಿಕೇಲಿಗೆ ಸಿಟ್ಟು ಬರಲಿಲ್ಲ. "ಏನೂ ಮಾಡ್ಲಿಲ್ಲ" ಎಂದ. "ಆದ್ರೆ ಬೇಕು ಅನ್ಸಿದ್ರೆ ಕಾರು ಹತ್ತಿ ಬರಬಹುದು ಅಂತ ಇತ್ತು. ಅಲ್ಲಿ ಬಿಟ್ರೆ ಅದೂ ಇಲ್ಲ."

"ನಾನಿದೀನಿ ಜಾಮೀನು" ಎಂದಳು ಸೀನಿ. "ಇವಳು ಕರ್ಕೊಂಡು ಬರದಿದ್ರೆ ನಾನೇ ಹೋಗಿ ತರ್ತೀನಿ. ಸಹಿ ಹಾಕು, ಹಿಂದೆ ಜನ ನಿಂತಿದಾರೆ."

ಅವನು ಸಹಿ ಹಾಕಿದ. ತುರ್ತಿನದಾದ್ದರಿಂದ ಮಂಗಳವಾರ ಸಿಗುತ್ತದೆ ಎಂದರು. ಆ ನಾಲ್ಕು ದಿನ ಲುಸಿಯಾನೆ ಸೀನಿಯ ಮನೆಯಲ್ಲೇ ಉಳಿದಳು, ಉಳಿದಳು ಅನ್ನುವುದಕ್ಕಿಂತ ಅಲ್ಲಿ ತಿರುಗಾಡಿದಳು ಅನ್ನಬೇಕು. ಒಗೆದ ಬಟ್ಟೆಯನ್ನೇ ಒಗೆದಳು. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಮೂರು ಸಲ ಎದ್ದು ಹೊರಗೆ ಹೋದಳು. "ಹೊಟ್ಟೆ ಕೆಟ್ಟಿದೆಯಾ?" ಎಂದು ಸೀನಿ ಕೇಳಿದಳು. "ಎಲ್ಲಾ ಕೆಟ್ಟಿದೆ" ಎಂದಳು ಲುಸಿಯಾನೆ. ಮಂಗಳವಾರ ಮಧ್ಯಾಹ್ನ ಹೊಸ ಪಾಸ್‌ಪೋರ್ಟು ಕೈಗೆ ಬಂತು. ಬುಧವಾರ ಬೆಳಿಗ್ಗೆ ತಾಯಿ ಮಗಳು ವಿಮಾನ ಹತ್ತಿದರು, ಸೀನಿ ಕೊಟ್ಟ ಒಂದು ಮಡಿಕೆ ನಾರುಬಟ್ಟೆಯ ಜೊತೆ.

ಹೊರಡುವಾಗ ತೋರಿಸಿದ್ದು ನೀಲಿ ಆಸ್ಟ್ರೇಲಿಯದ್ದು. ಟೊಂಗಾದ ಫುಆಮೊಟು ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಲುಪೆ, "ಅಮ್ಮ, ಈಗ ಯಾವ ಸಾಲು?" ಎಂದು ಕೇಳಿದಳು. ಎಡಗಡೆ ಪ್ರವಾಸಿಗಳು, ಬಲಗಡೆ ಊರಿನವರು. ಲುಸಿಯಾನೆ ಅವಳನ್ನು ಬಲಗಡೆಗೆ ಕರೆದುಕೊಂಡು ಹೋದಳು. ಅಧಿಕಾರಿ ಟೊಂಗಾದ ಪಾಸ್‌ಪೋರ್ಟಿನ ಪುಟ ನೋಡಿ, ಸೊಂಟದ ಚಾಪೆ ನೋಡಿ, "ಕಿಟಿಯೋನೆ ಕಡೆಯವರಾ? ಈ ಪುಟ್ಟಿಗೇನಾ ಕಾಯ್ತಿರೋದು? ಊರೆಲ್ಲಾ ಇದೇ ಮಾತು" ಎಂದ. ಮುದ್ರೆ ಒತ್ತಿ ಕೊಡುತ್ತಾ ಹುಡುಗಿಗೆ, "ಬೆನ್ನು ನೇರ ಇಟ್ಟು ಕೂತ್ಕೋಬೇಕು, ಗೊತ್ತಾಯ್ತಾ" ಎಂದ.

ಕೂತಳು. ಗುರುವಾರ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ, ಚಾಪೆಗಳ ರಾಶಿಯ ಮೇಲೆ, ಮಾವನ ತಲೆದೆಸೆಯಲ್ಲಿ. ಅಣ್ಣನ ಮಕ್ಕಳು ಹರಿದ ದೊಡ್ಡ ಚಾಪೆಗಳಲ್ಲಿ ಮುಖ ಮುಚ್ಚಿಕೊಂಡು, ತಲೆ ಕೆದರಿಕೊಂಡು ಕೆಳಗೆ ಕೂತಿದ್ದರು. ಬಂದವರೆಲ್ಲ ಹೆಣದ ಹಣೆಗೆ ಮುತ್ತಿಟ್ಟು, ಆಮೇಲೆ ಆ ಹುಡುಗಿಯ ಮುಂದೆ ಬಾಗಿ ಹೋಗುತ್ತಿದ್ದರು. ಲುಸಿಯಾನೆ ಪಕ್ಕದಲ್ಲಿ ಕೂತು ಮಗಳ ಮುಖವನ್ನೇ ನೋಡುತ್ತಿದ್ದಳು. ಹೆದರಿಕೊಂಡಾಳು, ಅತ್ತಾಳು, ಎದ್ದು ಓಡಿಯಾಳು. ಎಂಟು ಗಂಟೆಯ ಹೊತ್ತಿಗೆ ಲುಪೆ ಬಗ್ಗಿ ಪಿಸುಗುಟ್ಟಿದಳು:

"ಅಮ್ಮ, ಒಂದಕ್ಕೆ ಬಂದಿದೆ."

"ತಡ್ಕೊಳ್ಳೋಕಾಗುತ್ತಾ?"

"ಇಲ್ಲ."

ಮುದುಕಿಯೊಬ್ಬಳಿಗೆ ಕೇಳಿಸಿತು. "ಫಾಹು ಎದ್ದರೆ ಎದ್ದಳು, ಅವಳನ್ನ ಕೇಳೋರು ಯಾರು? ಹೋಗಿ ಬಾ ತಾಯಿ. ಅವನೆಲ್ಲಿಗೂ ಹೋಗಲ್ಲ" ಎಂದಳು. ಹೆಣದ ಸುತ್ತ ಕೂತ ಹೆಂಗಸರ ಭುಜಗಳು ಅಳುವಿನ ನಡುವೆಯೇ ಕುಲುಕಿದವು. ಲುಪೆ ಹೋಗಿ ಬಂದಳು. ಬಂದವಳು ಕೂರುವ ಮುಂಚೆ ಮಾವನ ಹಣೆಯ ಮೇಲೆ ಅಂಗೈ ಇಟ್ಟು, "ತಣ್ಣಗಿದಾರೆ" ಎಂದಳು. ಲುಸಿಯಾನೆಗೆ ಆಗ, ಸುದ್ದಿ ಬಂದ ಮಂಗಳವಾರದಿಂದ ಬಾರದೇ ಇದ್ದ ಅಳು ಬಂತು.

ಮಣ್ಣು ಮಾಡಿದ ಹತ್ತನೇ ದಿನ ಗೋರಿಯ ಮೇಲೆ ಸಣ್ಣ ಕಲ್ಲು ಹರಡಿದ ಮೇಲೆ, ಲುಪೆ ಕತ್ತರಿ ಹಿಡಿದು ಮಾಫಿಯ ಮತ್ತು ಅವಳ ತಂಗಿಯರ ಕೆದರಿದ ಕೂದಲಿನ ತುದಿ ಕತ್ತರಿಸಿದಳು. ಅಲ್ಲಿಗೆ ಅವರ ಸೂತಕ ಕಳೆದ ಹಾಗೆ. ಅಂದು ಊಟವಾದ ಮೇಲೆ ಮಾಫಿ ಹೇಳಿದಳು:

"ಅತ್ತೆ, ಇವಳು ಇಲ್ಲೇ ಇರಲಿ. ಅಲ್ಲಿ ನೀವು ಕೆಲಸಕ್ಕೆ ಹೋದ್ರೆ ಪಕ್ಕದ ಮನೇಲಿ ಕೂರ್ತಾಳಂತೆ. ಇಲ್ಲಿ ಅವಳು ರಾಣಿ. ಪಾಸ್‌ಪೋರ್ಟೂ ಇದೆ, ಯಾರೂ ಕಳಿಸಿಕೊಡಿ ಅನ್ನಲ್ಲ."

ಲುಪೆ ಎಲೆಯಲ್ಲಿ ಬೇಯಿಸಿದ ಕುರಿ ಮಾಂಸ ತಿನ್ನುತ್ತಾ, "ನಾನಿರ್ತೀನಿ" ಎಂದಳು. ಫಾಹುವಿನ ಮಾತು ಎಂದರೆ ಮಾತು. ಮನೆಯವರೆಲ್ಲ ಲುಸಿಯಾನೆಯ ಕಡೆ ನೋಡಿದರು.

ಮಾರನೆಯ ದಿನವೆಲ್ಲ ಅವಳು ದಂಡೆಗೂ ಮನೆಗೂ ಓಡಾಡಿದಳು. ಮಾಫಿ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಮಲಗಿದ್ದ ಮಗುವನ್ನು ಎಬ್ಬಿಸಿ ಪಕ್ಕದ ಮನೆಯ ಸೋಫಾಕ್ಕೆ ದಾಟಿಸುವ ಬಾಳು ಅವಳದು. ಇಲ್ಲಿ ಬಿಟ್ಟರೆ ಮಗಳು ನಗುತ್ತಾ ಬೆಳೆಯುತ್ತಾಳೆ. ಆದರೆ ಪೆನ್ನು ಹಿಡಿದು ನಿಂತ ಇಸಿಕೇಲಿಯ ಮುಖ ಕಣ್ಣಿಂದ ಹೋಗುತ್ತಿರಲಿಲ್ಲ. ಸಂಜೆ ಸೀನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ನನ್ನ ಮಾತು ಉಳಿಸ್ತೀಯೋ ಇಲ್ವೋ, ಅಷ್ಟು ಹೇಳು" ಎಂದಳು ಸೀನಿ.

"ಉಳಿಸ್ತೀನಿ. ಅದಕ್ಕೇ ಫೋನ್ ಮಾಡಿದ್ದು. ಒಬ್ಬಳೇ ಇದ್ದರೆ ಮನಸ್ಸು ಜಾರುತ್ತೆ."

"ಮಗುವನ್ನ ಇನ್ನು ಮೇಲೆ ನನ್ನ ಮನೆಗೆ ಬಿಡು. ಪಕ್ಕದ ಮನೆ ಯಾಕೆ? ನಾನು ಅತ್ತೆ ಸತ್ತಿದೀನಾ?"

ಲುಪೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಡಿಸೆಂಬರಿನ ರಜೆಗೆ ಮತ್ತೆ ಬರುವುದು ಎಂದು ಮಾಫಿ ಬೆರಳು ಹಿಡಿದು ಮಾತು ಕೊಟ್ಟ ಮೇಲೆ ಪೆಟ್ಟಿಗೆ ತುಂಬಲು ಬಿಟ್ಟಳು. ಸಿಡ್ನಿಯಲ್ಲಿ ತಪಾಸಣೆಯವರು ಅವಳಿಗೆ ಬಂದಿದ್ದ ಚಾಪೆಗಳನ್ನೆಲ್ಲ ಬಿಚ್ಚಿ, ಮಡಿಕೆ ಮಡಿಕೆಯಲ್ಲಿ ಹುಳ ಹುಡುಕಿದರು. ಲುಸಿಯಾನೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದಳು. "ಇದೆಲ್ಲ ನಿಮ್ಮದಾ?" ಎಂದು ಅವರು ಕೇಳಿದಾಗ ಲುಪೆ, "ಅಮ್ಮಂದಲ್ಲ, ನಂದು" ಎಂದಳು. ಹುಳ ಸಿಗಲಿಲ್ಲ.

ಹೊರಗೆ ಸೀನಿ ನಿಂತಿದ್ದಳು. ಅವಳ ಹಿಂದೆ, ಇಲ್ಲಿಗೆ ಸಂಬಂಧವಿಲ್ಲದವನ ಹಾಗೆ ಬೇರೆ ಕಡೆ ನೋಡುತ್ತಾ, ಇಸಿಕೇಲಿ. ಲುಪೆಯನ್ನು ಕಂಡು ಅವನು ಮುಂದೆ ಬಂದ, ಚಾಪೆಯ ಕಟ್ಟನ್ನು ಹೆಗಲಿಗೇರಿಸಿದ.

"ನಿಧಾನ. ಅದು ಮಾವನ ಸಾವಿನದು" ಎಂದಳು ಲುಪೆ.

"ಗೊತ್ತು" ಎಂದು ಅವನು ಮಗಳ ಹೆಜ್ಜೆಗೆ ಸರಿಯಾಗಿ ನಡೆಯತೊಡಗಿದ. ಹೋಗುತ್ತಾ ಅವಳು ಕತ್ತರಿ ಹಿಡಿದ ಕತೆ ಶುರುಮಾಡಿದಳು. ನಾಳೆ ಬೆಳಿಗ್ಗೆಯೇ ಅವನು ತೋಟಕ್ಕೆ ವಾಪಸ್ಸು ಹೋಗಬೇಕಂತೆ, ಸೀನಿ ಹೇಳಿದಳು. ಲುಸಿಯಾನೆ ಎರಡು ಪಾಸ್‌ಪೋರ್ಟುಗಳೂ ಚೀಲದಲ್ಲಿವೆಯಾ ಎಂದು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು, ಅತ್ತಿಗೆಯ ಜೊತೆ ಅವರ ಹಿಂದೆ ವ್ಯಾನಿನ ಕಡೆ ನಡೆದಳು.