ನಾಗಮ್ಮಕ್ಕನ ಅರ್ಧ ದಿನದ ಗೈರುಹಾಜರಿ

ನಾಗಮ್ಮಕ್ಕನಿಗೆ ಮೇಲಿನ ಕಚೇರಿಯಿಂದ ನೋಟಿಸು ಬಂದ ದಿನ ನನಗೆ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಕಾರವಾರದಲ್ಲಿ ನಡೆದ ತರಬೇತಿಯಿಂದ ಮಧ್ಯಾಹ್ನವೇ ಎದ್ದುಹೋದದ್ದು ಯಾಕೆ, ಮೂರು ದಿನದೊಳಗೆ ಬರೆದು ಕೊಡಿ ಎಂದಿತ್ತು. ಆ ತರಬೇತಿ ಯಾವುದರ ಬಗ್ಗೆ ಎಂದರೆ, ಮನೆಯಲ್ಲಿ ಹೊಡೆತ ತಿಂದು ಆಸ್ಪತ್ರೆಗೆ ಬರುವ ಹೆಂಗಸರನ್ನು ನಾವು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮಾಡಬೇಕಾದ್ದೇನು ಎಂಬುದರ ಬಗ್ಗೆ.

ನಾನು ಸತೀಶ. ಅಂಕೋಲೆಯಿಂದ ಹಿಲ್ಲೂರಿನ ಕಡೆ ಹೋಗುವ ದಾರಿಯ ಒಂದು ಆರೋಗ್ಯ ಕೇಂದ್ರದಲ್ಲಿ ಕಿಟಕಿಯ ಹಿಂದೆ ಕೂತು ಗುಳಿಗೆ ಕೊಡುವವನು. ನಾಗಮ್ಮಕ್ಕ ಅಲ್ಲಿಯ ನರ್ಸು. ಬೆಳಂಬಾರದ ಒಕ್ಕಲುಮನೆಯಲ್ಲಿ ಹುಟ್ಟಿ, ತನ್ನ ಕೇರಿಯಲ್ಲಿ ಮೊದಲು ಪಿಯುಸಿ ಮುಗಿಸಿದ ಹುಡುಗಿ. ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಅವಳು ಹೆರಿಗೆ ಮಾಡಿಸಿದ ಕೂಸುಗಳು ಈಗ ತಮ್ಮ ಕೂಸುಗಳನ್ನು ಲಸಿಕೆಗೆ ಎತ್ತಿಕೊಂಡು ಬರುತ್ತವೆ. ಮಾತು ಬಲು ಜೋರು. ಡಾಕ್ಟರು ತಡವಾಗಿ ಬಂದರೆ ಅವರಿಗೂ ಬಿಡುವುದಿಲ್ಲ.

ನಮ್ಮಲ್ಲಿ ಒಂದು ರೂಢಿಯಿತ್ತು. ಹೇಳಲು ನಾಚಿಕೆ, ಯಾಕೆಂದರೆ ನಾನೂ ಅದನ್ನು ನಡೆಸಿದವನೇ. ಹೆಂಗಸೊಬ್ಬಳು ಕೈ ಮುರಿದುಕೊಂಡು ಬಂದರೆ ರಿಜಿಸ್ಟರಿನಲ್ಲಿ ‘ಜಾರಿ ಬಿದ್ದದ್ದು’ ಎಂದು ಬರೆಯುವುದು. ಹೊಡೆದದ್ದು ಎಂದು ಬರೆದರೆ ಪೊಲೀಸು ಬರುತ್ತದೆ, ಆಮೇಲೆ ಸಾಕ್ಷಿ ಹೇಳಲು ಕೋರ್ಟಿಗೆ ವರ್ಷಗಟ್ಟಲೆ ಅಲೆದಾಟ. ಬಿದ್ದರೆ ಯಾರಿಗೂ ರಗಳೆಯಿಲ್ಲ. ನಮ್ಮ ರಿಜಿಸ್ಟರು ಓದಿದವರಿಗೆ ಈ ಸುತ್ತಿನ ಹೆಂಗಸರಿಗೆ ನಡೆಯಲಿಕ್ಕೇ ಬರುವುದಿಲ್ಲ ಅನ್ನಿಸಬೇಕು. ಮಳೆಗಾಲದಲ್ಲಿ ಗದ್ದೆಯ ಅಂಚಿನ ಮೇಲೆ ಹೊರೆ ಹೊತ್ತು ಓಡುವವರು, ಮನೆಯ ಒಳಗೆ ಮಾತ್ರ ಜಾರಿ ಬೀಳುತ್ತಾರಂತೆ.

ಇದು ಒಕ್ಕಲು ಮನೆಗಳ ಕತೆ ಮಾತ್ರ ಎಂದುಕೊಳ್ಳಬೇಡಿ. ನಾನಿರುವುದು ಬಿಣಗಾದಲ್ಲಿ, ನನ್ನ ಪಕ್ಕದ್ದು ಸಂಬಳದ ಮನೆ. ಅಲ್ಲಿಂದ ಕೂಗು ಕೇಳಿದಾಗ ನಾನು ಎದ್ದು ಟೀವಿಯ ದನಿ ಏರಿಸಿದವನು.

ಈಗ ಪುಟ್ಟುವಿನ ಮಾತು. ಅದು ಅವಳ ಹೆಸರಲ್ಲ, ಜಗದೀಶ ಎಂಬುದು ಅವಳ ಗಂಡನ ಹೆಸರೂ ಅಲ್ಲ. ಒಂದೇ ವರ್ಷದಲ್ಲಿ ಅವಳು ಮೂರು ಸಲ ಬಂದಳು. ಮೊದಲ ಸಲ ಮಣಿಕಟ್ಟು ಮುರಿದಿತ್ತು. ಎರಡನೇ ಸಲ ಬೆನ್ನ ಮೇಲೆ ಬಿಸಿನೀರು ಬಿದ್ದಿತ್ತು. ಎರಡು ಸಲವೂ ಜಗದೀಶನೇ ಕರೆತಂದ, ಏನಾಯಿತೆಂದು ಕೇಳಿದರೆ ಅವನೇ ಉತ್ತರ ಹೇಳಿದ. ನಯವಾದ ಮನುಷ್ಯ. ಹೆಂಡತಿಯ ಚಪ್ಪಲಿಯನ್ನು ತಾನೇ ಎತ್ತಿ ಬಾಗಿಲ ಬಳಿ ಇಡುತ್ತಿದ್ದ. ಎಷ್ಟು ಒಳ್ಳೆಯ ಗಂಡ ಎಂದು ಆಯಾ ಕೂಡ ಹೇಳಿದ್ದಳು.

ಎರಡನೇ ಸಲ ನಾಗಮ್ಮಕ್ಕನಿಗೆ ಸಂಶಯ ಬಂತು. ಸಂಶಯ ಬಂದ ಮೇಲೆ ಸುಮ್ಮನಿರುವ ಜಾತಿಯಲ್ಲ ಅವಳು. ಜಗದೀಶನನ್ನು ಜಗಲಿಗೆ ಕರೆದು ಹತ್ತು ಜನರ ಎದುರಿಗೇ ಬೈದಳು.

“ನಂಗೆ ಎಲ್ಲಾ ಗೊತ್ತದೆ ಜಗದೀಶಾ. ಇನ್ನೊಂದ್ ಸಲ ಅವ್ಳ ಮೈಮೇಲೆ ಕೈ ಮಾಡ್ದೆ ಅಂದ್ರೆ ನಾನೇ ನಿನ್ನ ಮನೀಗೆ ಬತ್ತೆ ನೋಡು.”

ಅವನು ತಲೆ ತಗ್ಗಿಸಿ, “ತಪ್ಪಾಯ್ತು ಅಕ್ಕಾ” ಅಂದ. ನಮಗೆಲ್ಲ ಬಹಳ ಸಮಾಧಾನವಾಯಿತು. ಸರಿಯಾಗಿ ಮಂಗಳಾರತಿ ಮಾಡಿದಿರಿ ಎಂದು ನಾನೇ ಅವಳಿಗೆ ಹೇಳಿದೆ. ನಾವೆಲ್ಲ ಒಂದೇ ಸೀಮೆಯವರು, ಒಬ್ಬರನ್ನೊಬ್ಬರು ಬಲ್ಲವರು. ತಪ್ಪಿದವನಿಗೆ ದೊಡ್ಡವರು ನಾಲ್ಕು ಜನರೆದುರು ಬುದ್ಧಿ ಹೇಳಿದರೆ ಮುಗಿಯಿತು ಎಂಬುದು ನಮ್ಮ ನಂಬಿಕೆ.

ಮೂರನೇ ಸಲ, ಒಂದು ಸೋಮವಾರ, ಅವಳಿಗೆ ಸ್ವರವೇ ಇರಲಿಲ್ಲ. ನುಂಗಲು ಕಷ್ಟ, ಥಂಡಿಯಾಗಿದೆ ಎಂದ ಜಗದೀಶ. ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು, ಬುಧವಾರ ಮಧ್ಯಾಹ್ನ ಮತ್ತೆ ಬಾ ಎಂದರು. ನಾನು ಆರು ಗುಳಿಗೆ ಎಣಿಸಿ ಕೊಟ್ಟೆ. ಗಂಟಲನ್ನು ಒಳಗಿನಿಂದ ನೋಡಿದೆವೇ ಹೊರತು ಹೊರಗಿನಿಂದ ಯಾರೂ ನೋಡಲಿಲ್ಲ. ಒಕ್ಕಲು ಹೆಂಗಸರ ರೂಢಿಯಂತೆ ಅವಳ ಕುತ್ತಿಗೆಯ ತುಂಬ ಮಣಿಸರ. ಗಲ್ಲದ ಕೆಳಗಿನಿಂದ ಎದೆಯವರೆಗೆ, ಕರಿಮಣಿಯೂ ಸೇರಿ, ಸಾಲು ಸಾಲು. ಮುತ್ತೈದೆಯ ಮಣಿಸರಕ್ಕೆ ಕೈ ಹಾಕುವುದು ಶುಭವಲ್ಲ. ನಾಗಮ್ಮಕ್ಕನ ತಾಯಿಯೂ ಅಂಥದೇ ಸರ ಹಾಕಿದವಳು, ಹಾಗಾಗಿ ನಾಗಮ್ಮಕ್ಕನ ಕೈಯೂ ಅಲ್ಲಿಗೆ ಹೋಗಲಿಲ್ಲ.

ಬುಧವಾರ ನಾಗಮ್ಮಕ್ಕ ಕಾರವಾರದ ತರಬೇತಿಗೆ ಹೋದಳು. ಹೋಗುವಾಗ ಗೊಣಗಿದ್ದಳು, “ಇಪ್ಪತ್ತಾರ್ ವರ್ಷ ಆಯ್ತು, ಇನ್ನ್ ಎಂತಾ ಕಲ್ಸೂಕೆ ಅದೆ ಇವ್ರಿಗೆ” ಎಂದು. ಕಲಿಸಲು ಬಂದವರು ವೈಜಯಂತಿ ಎಂಬ ಡಾಕ್ಟರು. ಅವರು ಮೊದಲು ಹೇಳಿದ್ದು, ಹೆಂಗಸನ್ನು ಒಬ್ಬಳೇ ಇರುವಾಗ ಕೇಳಿ, ಗಂಡನ ಎದುರಿಗೆ ಕೇಳಬೇಡಿ. ಎರಡನೆಯದು, ಅವಳು ಹೇಳಿದ್ದನ್ನು ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳಬೇಡಿ, ಗಂಡನಿಗೆ ಬುದ್ಧಿ ಹೇಳಲು ಮಾತ್ರ ಖಂಡಿತ ಹೋಗಬೇಡಿ. ಆ ಸಿಟ್ಟನ್ನು ಅವನು ಮನೆಗೆ ಹೋಗಿ ತೀರಿಸಿಕೊಳ್ಳುತ್ತಾನೆ. ಮೂರನೆಯದು, ದನಿ ಕೂತು, ನುಂಗಲು ಆಗದೆ ಬಂದವಳ ಕುತ್ತಿಗೆಯನ್ನು ನೋಡಿ. ಒಮ್ಮೆ ಕತ್ತು ಹಿಸುಕಿದವನು ಮುಂದೊಮ್ಮೆ ಕೊಲ್ಲುವ ಅಪಾಯ ಬಹಳ ಹೆಚ್ಚು.

ಒಂದು ಗಂಟೆಗೆ ನನಗೆ ನಾಗಮ್ಮಕ್ಕನ ಫೋನು ಬಂತು. ಹಿಂದೆ ಬಸ್ಸಿನ ಸದ್ದಿತ್ತು.

“ಸತೀಶಾ, ಪುಟ್ಟು ಬಂದದಾ?”

“ಇನ್ನೂ ಇಲ್ಲ ಅಕ್ಕಾ.”

“ಬಂದ್ರೆ ನಾ ಬರೂವರಿಗೆ ಕಳ್ಸಬೇಡ. ಗುಳಿಗೆ ಸಿಗ್ತಿಲ್ಲ ಅನ್ನು, ಏನಾರೂ ಅನ್ನು. ಗಂಡನ ಹತ್ರ ಮಾತ್ರ ನಗ್ತಾ ಮಾತಾಡು.”

ಗಂಡ ಹೆಂಡತಿ ಎರಡು ಗಂಟೆಗೆ ಬಂದರು. ಕಪಾಟಿನ ಕೀಲಿ ಕಾಣುತ್ತಿಲ್ಲ ಎಂದು ನಾನು ಹಲ್ಲು ಕಿರಿದು ಹೇಳಿದೆ. ಜಗದೀಶ ಗಡಿಯಾರ ನೋಡಿದ, ಬಸ್ಸು ತಪ್ಪುತ್ತದೆ ಅಂದ, ಹೆಂಡತಿಯ ತೋಳು ಹಿಡಿದು ಎದ್ದೂ ಬಿಟ್ಟ. ನಾನು ಕಿಟಕಿ ಬಿಟ್ಟು ಹೊರಗೆ ಬಂದು ಅವನಿಗೆ ಚಹಾ ತರಿಸಿ ಕುಡಿಸಿದೆ. ಅವನಿಗೆ ಚಹಾ ಕುಡಿಸಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಂಕೋಲೆಯಿಂದ ರಿಕ್ಷಾ ಮಾಡಿಸಿಕೊಂಡು ನಾಗಮ್ಮಕ್ಕ ಬಂದಾಗ ಮೂರಕ್ಕೆ ಐದು ನಿಮಿಷವಿತ್ತು.

ಅವಳು ಜಗದೀಶನನ್ನು ನೋಡಿ ನಕ್ಕಳು. ಪುಟ್ಟುವಿನ ಕೈಗೆ ಮೂತ್ರ ಪರೀಕ್ಷೆಯ ಸಣ್ಣ ಬಾಟಲಿ ಕೊಟ್ಟು, “ಬಾ, ಹ್ಯಾಗೆ ಹಿಡೀಬೇಕು ಅಂತ ತೋರಿಸ್ತೆ” ಎಂದು ಕರೆದುಕೊಂಡು ಹೋದಳು. ನಮ್ಮ ಇಡೀ ಆಸ್ಪತ್ರೆಯಲ್ಲಿ ಗಂಡ ಹಿಂದೆ ಬರಲಾಗದ ಜಾಗ ಅದೊಂದೇ, ಹೆಂಗಸರ ಪಾಯಖಾನೆ. ಸರ್ಕಾರ ನಮಗೆ ಕೊಟ್ಟ ಏಕಾಂತದ ಕೋಣೆ ಅದು.

ಒಳಗೆ ನಡೆದದ್ದನ್ನು ನಾಗಮ್ಮಕ್ಕ ನನಗೆ ಇವತ್ತಿಗೂ ಹೇಳಿಲ್ಲ. ಬಹಳ ದಿನಗಳ ಮೇಲೆ ಪುಟ್ಟುವೇ ಹೇಳಿದಳು, ಹೆಸರು ಹಾಕದೆ ಬರೆಯಲು ಒಪ್ಪಿಗೆಯನ್ನೂ ಕೊಟ್ಟಳು. ನಾಗಮ್ಮಕ್ಕ ಬಾಗಿಲ ಚಿಲಕ ಹಾಕಿ, “ಸರ ಎತ್ತಿ ನೋಡ್ಲಾ?” ಎಂದು ಕೇಳಿದಳಂತೆ. ಪುಟ್ಟು ತಾನೇ ಎತ್ತಿದಳು. ಮಣಿಗಳ ಕೆಳಗೆ ಎರಡೂ ಕಡೆ ಬೆರಳಿನ ನೀಲಿ ಗುರುತು. ಇದು ಯಾವಾಗಿನದು ಎಂದರೆ, ಪುಟ್ಟು ಇದ್ದಷ್ಟು ದನಿಯಲ್ಲಿ ಹೇಳಿದಳು:

“ಇದು ಶನಿವಾರದ್ದು. ಮೊದಲ್ನೇ ಸಲ ಕುತ್ತಿಗೆ ಹಿಡ್ದದ್ದು, ನೀವು ಅವ್ರಿಗೆ ಬೈದ್ರಲಾ, ಅವತ್ತೇ ಸಂಜೀಗೆ.”

ನಾಗಮ್ಮಕ್ಕ, “ತಪ್ಪು ನಂದು. ಈ ಸಲ ನೀ ಹೇಳಿದ ಹಾಗೆ ಮಾಡ್ತೆ. ನೀ ಹೇಳ್ದೇ ಯಾರಿಗೂ ಹೇಳೂದಿಲ್ಲ” ಅಂದಳು. ಪುಟ್ಟು, “ನಂಗೆ ಮನೀಗೆ ಹೋಗೂಕೆ ಹೆದ್ರಿಕೆ” ಅಂದಳು. ಡಾಕ್ಟರಿಗೆ ತೋರಿಸಲು ಒಪ್ಪಿದಳು.

ಡಾಕ್ಟರು ಗುರುತು ನೋಡಿದರು, ಪೆನ್ನು ಹಿಡಿದು ಕೂತರು. “ಇದನ್ನ ಬರೆದರೆ ಕೋರ್ಟಿಗೆ ಯಾರು ಓಡಾಡೋದು ಸಿಸ್ಟರ್?” ಎಂದರು.

“ನಾ ಓಡಾಡ್ತೆ. ನೀವು ಬರೀರಿ” ಅಂದಳು ನಾಗಮ್ಮಕ್ಕ. ಆ ದಿನ ನಮ್ಮ ರಿಜಿಸ್ಟರಿನಲ್ಲಿ ಮೊದಲ ಸಲ ಒಬ್ಬ ಹೆಂಗಸು ಜಾರಿ ಬೀಳಲಿಲ್ಲ.

ಇನ್ನು ಜಗದೀಶನನ್ನು ದಾಟಬೇಕಿತ್ತು. ಗಂಟಲಿನ ಫೋಟೋ ತೆಗೆಸಬೇಕು, ದೊಡ್ಡ ಆಸ್ಪತ್ರೆಯಲ್ಲಿ ಎರಡು ದಿನ ಇರಬೇಕಾಗಬಹುದು, ಮನೆಗೆ ಹೋಗಿ ಅವಳ ಬಟ್ಟೆ ತಾ ಎಂದು ನಾಗಮ್ಮಕ್ಕ ಅವನನ್ನು ನಗುನಗುತ್ತ ಕಳಿಸಿದಳು. ಅವನು ತಿರುವು ದಾಟಿದ್ದೇ ಪುಟ್ಟುವನ್ನು ಕೂರಿಸಿಕೊಂಡು ಆಂಬುಲೆನ್ಸು ಹೊರಟಿತು. ಆಮೇಲೆ ನಾಗಮ್ಮಕ್ಕ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ಮತ್ತೆ ಮತ್ತೆ ನೀರು ಹಾಕಿಕೊಂಡಳು.

ದೊಡ್ಡ ಆಸ್ಪತ್ರೆಯಿಂದ ಪುಟ್ಟು ನೇರ ಅಣ್ಣನ ಮನೆಗೆ ಹೋದಳು, ಈಗಲೂ ಅಲ್ಲೇ ಇದ್ದಾಳೆ. ಸ್ವರ ಬಂದಿದೆ. ದೂರು ಕೊಟ್ಟದ್ದು ಅವಳೇ, ತನಗೆ ಮನಸ್ಸಾದ ದಿನ. ಕೇಸು ನಡೆಯುತ್ತಿದೆ, ನಾಗಮ್ಮಕ್ಕ ಎರಡು ಸಲ ಸಾಕ್ಷಿ ಹೇಳಿ ಬಂದಳು.

ನೋಟಿಸಿನ ಮಾತಿಗೆ ಬರುತ್ತೇನೆ. ಆ ಹೆಂಗಸಿನ ಹೆಸರು, ವಿಷಯ ಬರೆದುಬಿಡಿ, ಅಲ್ಲಿಗೆ ಮುಗಿಯುತ್ತದೆ ಎಂದು ಡಾಕ್ಟರು ಹೇಳಿದರು. ನಾನೂ ಅದನ್ನೇ ಹೇಳಿದೆ. ನಾಗಮ್ಮಕ್ಕ ನಮ್ಮಿಬ್ಬರನ್ನೂ ನೋಡಿದಳು, ಕಾಗದ ಎಳೆದುಕೊಂಡು ಎರಡೇ ಸಾಲು ಬರೆದಳು. ಕಚೇರಿಯವರು ಅದನ್ನು ಓದಿ ಅವಳ ಅರ್ಧ ದಿನದ ರಜೆ ಕತ್ತರಿಸಿದರು, ತರಬೇತಿಯ ಪ್ರಮಾಣಪತ್ರವನ್ನೂ ಕೊಡಲಿಲ್ಲ. ಮಧ್ಯಾಹ್ನದ ಊಟ ಮಾಡಿ ಸಂಜೆಯವರೆಗೆ ತೂಕಡಿಸಿದವರಿಗೆಲ್ಲ ಅದು ಸಿಕ್ಕಿದೆ.

ಅವಳು ಬರೆದದ್ದು ಇಷ್ಟು: “ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನ ಮಾಡಲು ಹೋಗಿದ್ದೆ. ಯಾರಿಗಾಗಿ ಎಂದು ಹೇಳಬಾರದೆಂದು ಅಲ್ಲಿಯೇ ಕಲಿಸಿದ್ದಾರೆ.”